ಕಡ್ಡಿಯ ಉಸಿರಿನ ವಿಷಯವಾಗಿ

ಜೂನ್ ೯

ಪ್ರೀತಿಯ ಅಮ್ಮನಿಗೆ,

ಅಕ್ಷರ ಚೆನ್ನಾಗಿಲ್ಲ, ಬೈಯಬೇಡ. ಐದನೇ ತರಗತಿ ಬಿಟ್ಟ ಮೇಲೆ ನಾನು ಬರೆದದ್ದು ಅಂದರೆ ಹಾಸಿಗೆಗಳ ಉದ್ದ ಅಗಲ ಅಷ್ಟೇ. ಕಾಗುಣಿತ ತಪ್ಪಿದ ಕಡೆ ನೀನೇ ಸರಿಮಾಡಿಕೊಂಡು ಓದು. ಕಡ್ಡಿಗೆ ತೋರಿಸಿದ್ದರೆ ತಿದ್ದಿಕೊಡುತ್ತಿದ್ದಳು, ಆದರೆ ಇದು ಅವಳಿಗೆ ತೋರಿಸುವ ಕಾಗದ ಅಲ್ಲ.

ಭಾನುವಾರ ನೀನು ಫೋನ್ ಮಾಡಿದಾಗ ಅವಳು ನನ್ನ ಭುಜಕ್ಕೆ ಕಿವಿ ಅಂಟಿಸಿಕೊಂಡು ಕೂತಿರುತ್ತಾಳೆ. ತಂಗಿ ಕಡ್ಡಿ ಹೇಗಿದ್ದಾಳೆ ಅಂತ ನೀನು ಕೇಳುತ್ತೀಯ, ಚೆನ್ನಾಗಿದ್ದಾಳೆ ಅಂತ ನಾನು ಹೇಳುತ್ತೇನೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೆ ಏನು ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಉಬ್ಬಸ ಕಡಿಮೆಯಾಗಿಲ್ಲ ಅಮ್ಮ. ಹೋದ ವರ್ಷ ಹದಿಮೂರು ತುಂಬುವ ಹೊತ್ತಿಗೆ ಶುರುವಾಯಿತಲ್ಲ, ದೊಡ್ಡವಳಾಗುತ್ತಾ ಹೋದ ಹಾಗೆ ಬಿಡುತ್ತದೆ ಅಂತ ಮೇಲ್ಮನೆ ಅಜ್ಜಿ ಹೇಳಿದ್ದರು. ಇವಳು ದೊಡ್ಡವಳಾಗುತ್ತಿದ್ದಾಳೆ, ಅದೂ ಇವಳ ಜೊತೆಗೇ ದೊಡ್ಡದಾಗುತ್ತಿದೆ. ಮೊದಲು ಕೆಮ್ಮು, ಆಮೇಲೆ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸದ್ದು. ಮಂಡಿ ಹಿಡಿದುಕೊಂಡು ಬಗ್ಗಿ ಕೂರುತ್ತಾಳೆ. ಆಗ ಅವಳ ಬೆನ್ನಿನ ಮೂಳೆ ಒಂದೊಂದೂ ಕಾಣುತ್ತದೆ.

ಗಲ್ಲಿಯ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿನಗೇನು ಕೆಲಸ ಅಂತ ಕೇಳಿದರು. ಹತ್ತಿ ಹಾಸಿಗೆ ಹೊಲಿಯೋದು ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ತಲೆಯನ್ನೇ ನೋಡಿದರು. ಕೂದಲ ತುಂಬ ಹತ್ತಿ. ಇನ್ನೇನು ಬೇಕು, ಮನೆಯಲ್ಲೇ ಕಾರ್ಖಾನೆ ಇದೆಯಲ್ಲ ಅಂದರು. ಎರಡು ಪಂಪು ಕೊಟ್ಟಿದ್ದಾರೆ. ಒಂದನ್ನು ದಿನಾ ಬೆಳಿಗ್ಗೆ ಸಂಜೆ ಬಾಯಿಗಿಟ್ಟು ಎಳೆದುಕೊಳ್ಳಬೇಕು, ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ.

ನನ್ನಿಂದಲೇ ಇವಳಿಗೆ ಹೀಗಾಯಿತು ಅಂತ ಆವತ್ತಿನಿಂದ ಅನ್ನಿಸುತ್ತಿದೆ. ಮನೆಯ ಹಳೇ ಹಾಸಿಗೆ, ದಿಂಬು, ಪರದೆ ಎಲ್ಲ ತೆಗೆದುಹಾಕಿದೆ. ಈಗ ಹೊಲಿಗೆಯವಳ ಮನೆಯಲ್ಲಿ ಹಾಸಿಗೆಯೇ ಇಲ್ಲ ಅಂತ ಅಂಗಡಿಯ ಮೇಸ್ತ್ರಿ ನಗುತ್ತಾರೆ. ಇನ್ನೇನು ಮಾಡಲಿ, ಬರೆದು ತಿಳಿಸು.

ನೀನು ನೋಡಿಕೊಳ್ಳುವ ಯಜಮಾನಿಯಮ್ಮ ಹೇಗಿದ್ದಾರೆ? ನಿನ್ನ ಸೊಂಟ?

ನಿನ್ನ ದೊಡ್ಡ ಮಗಳು

*

ಜೂನ್ ೨೪

ದೊಡ್ಡ ಮಗಳಿಗೆ,

ಕಾಗದ ಬಂತು. ಅಕ್ಷರ ಚೆನ್ನಾಗಿಯೇ ಇದೆ, ವಿಷಯ ಚೆನ್ನಾಗಿಲ್ಲ.

ಡಾಕ್ಟರು ಹೇಳಿದ್ದು ಸರಿ. ಇಷ್ಟು ದಿನ ನಮಗ್ಯಾಕೆ ಹೊಳೆಯಲಿಲ್ಲವೋ. ಈಗ ನಾನು ಹೇಳಿದ ಹಾಗೆ ಮಾಡು. ಕೆಲಸದಿಂದ ಬಂದವಳೇ ಒಳಗೆ ಕಾಲಿಡಬೇಡ. ಹಿಂದಿನ ಬಚ್ಚಲಲ್ಲಿ ತಲೆಗೆ ಸ್ನಾನ ಮಾಡಿ ಬಟ್ಟೆ ಬದಲಾಯಿಸು. ಆಮೇಲೂ ಅವಳನ್ನು ತೀರಾ ಹತ್ತಿರ ಸೇರಿಸಿಕೊಳ್ಳಬೇಡ. ನೀವಿಬ್ಬರೂ ಇನ್ನೂ ಒಂದೇ ಹೊದಿಕೆಯಲ್ಲಿ ಮಲಗುತ್ತೀರಿ ಅಂತ ನನಗೆ ಗೊತ್ತು. ಅದು ಸಾಕು. ನೀನು ಹೊರಗಿನ ಪಡಸಾಲೆಯಲ್ಲಿ ಮಲಗು, ಅವಳು ಒಳಗೆ. ನಡುವಿನ ಬಾಗಿಲು ಹಾಕಿರಲಿ. ಹತ್ತಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ದೂರ ಹಾರುತ್ತದೆ. ನಿಮ್ಮಜ್ಜ ಅದೇ ಕೆಲಸ ಮಾಡಿ ಕೆಮ್ಮಿ ಕೆಮ್ಮಿ ಸತ್ತದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು. ಇಲ್ಲಿಗೆ ಬರುವ ನರ್ಸಮ್ಮನ ಅಣ್ಣನ ಮಗಳು ಒಂದು ಹಾಸ್ಟೆಲ್ಲಿನಲ್ಲಿದ್ದಾಳೆ. ಎತ್ತರದ ಜಾಗ, ಒಣ ಗಾಳಿ, ಶಾಲೆಯೂ ಅಲ್ಲೇ. ಅವಳಿಗೂ ಹೀಗೇ ಇತ್ತಂತೆ, ಬಿಟ್ಟುಹೋಯಿತಂತೆ. ನಾನು ವಿಚಾರಿಸುತ್ತಿದ್ದೇನೆ. ಕಡ್ಡಿಗೆ ಈಗಲೇ ಹೇಳಬೇಡ.

ಯಜಮಾನಿಯಮ್ಮ ನನ್ನನ್ನು ಒಂದು ದಿನ ಅಕ್ಕ ಅಂತಾರೆ, ಒಂದು ದಿನ ಕಳ್ಳಿ ಅಂತಾರೆ. ಎರಡಕ್ಕೂ ಬಂದೆ ಅಂತೀನಿ. ಮುಂದಿನ ವರ್ಷ ಇಷ್ಟು ಹೊತ್ತಿಗೆ ನಾನು ಮನೆಯಲ್ಲಿರುತ್ತೇನೆ. ಅಲ್ಲಿಯವರೆಗೆ ನಡೆಸಿಕೊಂಡು ಹೋಗು.

ಅಮ್ಮ

*

ಜುಲೈ ೧೫

ಪ್ರೀತಿಯ ಅಮ್ಮನಿಗೆ,

ನೀನು ಹೇಳಿದ ಹಾಗೇ ಮಾಡಿದ್ದೇನೆ. ಬರೆಯೋಕೆ ತಡವಾಯಿತು. ಅಂಗಡಿಯಲ್ಲಿ ವಸತಿಗೃಹವೊಂದರ ಹಳೇ ಹಾಸಿಗೆಗಳು ಬಂದಿವೆ. ಎಲ್ಲ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯಬೇಕು. ದಬ್ಬಳ ಹಿಡಿದು ಹಿಡಿದು ಹೆಬ್ಬೆರಳು ಮರದ ತುಂಡಿನ ಹಾಗಾಗಿದೆ. ಊಟಕ್ಕೆ ಕೂತಾಗ ತುತ್ತು ಸಿಕ್ಕಿದೆಯೋ ಇಲ್ಲವೋ ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕು.

ಕಡ್ಡಿ ಮೊದಲ ದಿನ ಬಾಗಿಲು ಹಾಕಿದ್ದಕ್ಕೆ ಬಹಳ ಮಾತಾಡಿದಳು. ನಾನೇನು ಕಚ್ಚೋ ನಾಯಿನಾ ಅಂದಳು. ಧೂಳು ಇರೋದು ನನ್ನ ಮೈಮೇಲೆ, ಕಚ್ಚೋದು ನಾನು ಅಂದೆ. ಆಮೇಲೆ ಬಾಗಿಲಿನ ಆ ಕಡೆಯಿಂದಲೇ ಹರಟೆ ಶುರು. ಅವಳ ವಿಜ್ಞಾನದ ಮೇಡಮ್ಮು ಪಾಠ ಮಾಡುವಾಗ ಸೀರೆಯ ಸೆರಗನ್ನೇ ಡಸ್ಟರ್ ಮಾಡಿಕೊಳ್ಳುತ್ತಾರಂತೆ. ಬಾಗಿಲಿನ ಕೆಳಗಿನ ಸಂದಿನಿಂದ ಬೆರಳು ಹೊರಗೆ ಹಾಕಿ, ಹಿಡ್ಕೋ ಅನ್ನುತ್ತಿದ್ದಳು. ಕೆಲವು ದಿನ ಹಿಡಿದುಕೊಂಡೆ. ಆಮೇಲೆ ನಿನ್ನ ಮಾತು ನೆನಪಾಗಿ, ನಿದ್ದೆ ಬಂದವಳ ಹಾಗೆ ಸುಮ್ಮನಿದ್ದೆ. ಈಗ ಅವಳೂ ಹಾಕುವುದಿಲ್ಲ.

ಒಳ್ಳೇ ಸುದ್ದಿ ಏನೆಂದರೆ ಕೆಮ್ಮು ಕಡಿಮೆಯಾದ ಹಾಗೆ ಕಾಣುತ್ತದೆ. ಒಳಗಿನಿಂದ ಸದ್ದು ಕೇಳುವುದೇ ಅಪರೂಪ. ಉಬ್ಬಸ ಬಂತಾ ಅಂತ ಬೆಳಿಗ್ಗೆ ಕೇಳಿದರೆ ಇಲ್ಲ ಅಕ್ಕ ಅನ್ನುತ್ತಾಳೆ. ಮಾತೂ ಕಡಿಮೆ ಮಾಡಿದ್ದಾಳೆ, ಓದು ಜಾಸ್ತಿಯಾಗಿರಬೇಕು.

ಆ ಹಾಸ್ಟೆಲ್ಲು ಇನ್ನು ಬೇಡವೇನೋ. ನೋಡೋಣ ಅಮ್ಮ.

ನಿನ್ನ ಮಗಳು

*

ಆಗಸ್ಟ್ ೫

ದೊಡ್ಡ ಮಗಳಿಗೆ,

ನಾನು ಹೇಳಲಿಲ್ಲವಾ, ಹತ್ತಿಯೇ ಅಂತ. ನಿನ್ನ ಕಾಗದ ಓದಿ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಬಂತು. ಬಾಗಿಲು ಹಾಗೇ ಹಾಕಿರಲಿ, ಕಡಿಮೆಯಾಯಿತು ಅಂತ ಸಡಿಲ ಬಿಡಬೇಡ.

ಹೋದ ತಿಂಗಳ ಮೊದಲ ಭಾನುವಾರ ಫೋನಿನಲ್ಲಿ ಹೇಳಿದ್ದೇ ಮತ್ತೆ ಬರೆಯುತ್ತೇನೆ. ಹಾಸ್ಟೆಲ್ಲಿನವರು ಒಂದು ಜಾಗ ಇಟ್ಟುಕೊಂಡಿರುತ್ತಾರೆ. ಅರ್ಧವರ್ಷದ ಪರೀಕ್ಷೆಯವರೆಗೆ ನೋಡೋಣ. ಅಷ್ಟರೊಳಗೆ ಪೂರ್ತಿ ವಾಸಿಯಾದರೆ ಸರಿ, ಮಧ್ಯೆ ಒಂದು ಸಲ ಜೋರಾಗಿ ಬಂದರೂ ಕಳಿಸಿಬಿಡುವುದು. ನೀನು ಒಬ್ಬಳೇ ಎಷ್ಟು ಅಂತ ಮಾಡುತ್ತೀಯ? ನಿನಗೂ ಒಂದು ಬದುಕು ಬೇಕಲ್ಲ.

ಆವತ್ತು ನಾನು ಇದನ್ನು ಹೇಳುವಾಗ ಅವಳು ಅಂಗಡಿಗೆ ಹೋಗಿದ್ದಾಳೆ ಅಂದೆಯಲ್ಲ. ಆಮೇಲೆ ಫೋನಿಗೆ ಬಂದವಳು, ಅಮ್ಮ ನಾನು ತುಂಬ ಚೆನ್ನಾಗಿದೀನಿ, ಓಡಿದ್ರೂ ಏನೂ ಆಗಲ್ಲ ಅಂತ ತಾನಾಗಿಯೇ ಹೇಳಿದಳು. ದನಿಯಲ್ಲೇ ಗೊತ್ತಾಗುತ್ತಿತ್ತು.

ಇಲ್ಲಿ ಯಜಮಾನಿಯಮ್ಮನಿಗೆ ಹಗಲು ರಾತ್ರಿ ಒಂದಾಗಿದೆ. ನನಗೂ. ಇಷ್ಟೇ ಬರೆಯೋಕೆ ಆಗುವುದು.

ಅಮ್ಮ

*

ಸೆಪ್ಟೆಂಬರ್ ೧೧

ಅಮ್ಮನಿಗೆ,

ಎರಡು ಭಾನುವಾರ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ಸಿಟ್ಟಾಗಿದ್ದೀಯ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದೆ. ಅದಕ್ಕೇ ಅಷ್ಟು ಗಲಾಟೆ. ಮದುವೆ ಮನೆ ಅಂತ ಸುಳ್ಳು ಹೇಳಿದೆ. ಕಡ್ಡಿ ಈಗ ಮನೆಯಲ್ಲಿದ್ದಾಳೆ, ಎದ್ದು ಓಡಾಡುತ್ತಿದ್ದಾಳೆ. ಅದನ್ನು ಮೊದಲು ಓದಿಕೊಂಡು ಆಮೇಲೆ ಮುಂದಿನದು ಓದು.

ಹೋದ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಶಾಲೆಯ ಆಯಾ ಓಡುತ್ತಾ ಅಂಗಡಿಗೆ ಬಂದರು. ನಾನು ಹೋಗಿ ನೋಡಿದಾಗ ಕಡ್ಡಿ ಕಂಬಕ್ಕೆ ಒರಗಿ ಕೂತಿದ್ದಳು, ತುಟಿ ಇಂಕು ಬಳಿದ ಹಾಗೆ. ಮಾತಾಡಲು ಉಸಿರಿಲ್ಲ. ಬ್ಯಾಗಿನಲ್ಲಿದ್ದ ಪಂಪು ತೆಗೆದು ಒತ್ತಿದರೆ ಬರೀ ಗಾಳಿ. ಖಾಲಿಯಾಗಿ ಎಷ್ಟು ದಿನವಾಗಿತ್ತೋ. ಮೇಸ್ತ್ರಿ ಹಾಸಿಗೆ ಸಾಗಿಸುವ ಗಾಡಿಯನ್ನೇ ತಂದರು. ಪ್ಲಾಸ್ಟಿಕ್ಕು ಸುತ್ತಿದ ಹೊಸ ಹಾಸಿಗೆಗಳ ಮೇಲೆ ಅವಳನ್ನು ಕೂರಿಸಿಕೊಂಡು, ಹಿಂದಿನಿಂದ ಹಿಡಿದುಕೊಂಡು ಹೋದೆ. ಎಷ್ಟೋ ವಾರಗಳ ಮೇಲೆ ಅವಳನ್ನು ಮುಟ್ಟಿದ್ದು. ನನ್ನ ಕೈಯಲ್ಲಿ ಅವಳ ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನನ್ನ ಮೈಮೇಲೆಲ್ಲ ಹತ್ತಿ. ಆಗ ಅದನ್ನು ಯಾರು ನೋಡುತ್ತಾರೆ.

ಹೊಗೆಯ ಹಾಗೆ ಔಷಧಿ ಬರುವ ಮುಖವಾಡ ಹಾಕಿದರು, ಸೂಜಿ ಚುಚ್ಚಿದರು. ಕತ್ತಲಾಗುವ ಹೊತ್ತಿಗೆ ತುಟಿಗೆ ಬಣ್ಣ ಬಂತು. ಆದರೂ ಹತ್ತು ದಿನ ಅಲ್ಲೇ ಇಟ್ಟುಕೊಂಡರು.

ಅಲ್ಲಿನ ಡಾಕ್ಟ್ರಮ್ಮ ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಅವರೂ ಪಾಪ ನಿಂತಲ್ಲೇ ನಿದ್ದೆ ಮಾಡುವ ಹಾಗಿದ್ದರು. ಈ ಉಬ್ಬಸ ಬರೋದಕ್ಕೆ ಮುಂಚೆ ಚಿಕ್ಕವಳಿದ್ದಾಗ ಹೇಗಿದ್ದಳು ಅಂತ ಕೇಳಿದರು. ಆಗಲೂ ಕಡ್ಡಿ ಹಾಗೇ ಇದ್ದಳು ಅಂದೆ. ಮೈ ಕೇಳ್ತಿಲ್ಲ, ಮನಸ್ಸು ಹೇಗಿತ್ತು ಅಂದರು. ಇದುವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ನೆನಪಾದದ್ದನ್ನೆಲ್ಲ ಹೇಳಿದೆ.

ನಿನಗೂ ಬರೆಯುತ್ತೇನೆ. ನೀನು ಕೆಲಸಕ್ಕೆ ಹೋದಾಗ ಅವಳಿಗೆ ಆರು ವರ್ಷ. ಒಂದು ವರ್ಷ ಪೂರ್ತಿ ಬೆಳಿಗ್ಗೆ ಶಾಲೆಗೆ ಹೊರಟರೆ ಹೊಟ್ಟೆನೋವು. ನಾನು ಬಚ್ಚಲಿಗೆ ಹೋದರೂ ಹೊರಗೆ ನಿಂತು, ಇದ್ದೀಯಾ ಅಂತ ಕೂಗುತ್ತಿದ್ದಳು. ಕೆಲಸದಿಂದ ನಾನು ಬರುವುದು ತಡವಾದರೆ ಮೇಲ್ಮನೆ ಅಜ್ಜಿ ಎಷ್ಟು ಕರೆದರೂ ಹೋಗದೆ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು, ಅಲ್ಲೇ ಒದ್ದೆ ಮಾಡಿಕೊಂಡು. ನನ್ನ ಜಡೆಯ ತುದಿ ಹಿಡಿದುಕೊಳ್ಳದೆ ಮಲಗುತ್ತಿರಲಿಲ್ಲ. ಇವೆಲ್ಲ ನಾನು ಹಠ ಅಂದುಕೊಂಡಿದ್ದೆ. ನನಗೂ ಆಗ ಹದಿನಾಲ್ಕೇ ಅಲ್ಲವಾ ಅಮ್ಮ. ನೀನು ಅಷ್ಟು ದೂರದಲ್ಲಿ ಕೂತು ಏನು ಮಾಡುತ್ತೀಯ ಅಂತ ನಿನಗೆ ಹೇಳಲಿಲ್ಲ.

ಡಾಕ್ಟ್ರಮ್ಮ ಎಲ್ಲ ಕೇಳಿಸಿಕೊಂಡರು. ಚಿಕ್ಕ ವಯಸ್ಸಿನಲ್ಲಿ ಹೀಗೆ ಬಹಳ ಕಾಲ ಹೆದರಿಕೊಂಡೇ ಬೆಳೆದ ಮಕ್ಕಳಲ್ಲಿ ಕೆಲವರಿಗೆ ಈ ವಯಸ್ಸಿಗೆ ಬರುವಾಗ ಉಬ್ಬಸ ಕಾಣಿಸಿಕೊಳ್ಳುವುದು ಇದೆಯಂತೆ. ಇದರಿಂದಲೇ ಅದು ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ, ಆದರೆ ಎರಡೂ ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ ಅಂದರು. ಧೂಳೂ ನಿಜ, ಪಂಪೂ ಬೇಕು. ಧೂಳನ್ನು ಮಾತ್ರ ನೋಡಬೇಡಿ ಅಂದರು. ಮಕ್ಕಳ ಜೊತೆ ಕೂತು ಮಾತಾಡುವುದಕ್ಕೇ ಅಂತ ಆಸ್ಪತ್ರೆಯಲ್ಲಿ ಒಬ್ಬರಿದ್ದಾರೆ. ಬುಧವಾರ ಬರೋಕೆ ಹೇಳಿದ್ದಾರೆ.

ಈಗ ಬರೆಯೋಕೆ ಕಷ್ಟವಾದದ್ದು. ಕಡ್ಡಿಗೆ ಹಾಸ್ಟೆಲ್ಲಿನ ವಿಷಯ ಗೊತ್ತು. ಆ ಭಾನುವಾರ ಅವಳು ಅಂಗಡಿಯಿಂದ ಬಂದು ಹೊಸಿಲಲ್ಲೇ ನಿಂತಿದ್ದಳಂತೆ. ನಮ್ಮ ಫೋನಿನ ಸದ್ದು ಹೊಸಿಲಿನವರೆಗೂ ಕೇಳುತ್ತದೆ ಅಂತ ನಿನಗೆ ಗೊತ್ತಲ್ಲ. ಆವತ್ತಿನಿಂದ ಉಬ್ಬಸ ಬಂದರೆ ಯಾರಿಗೂ ಕಾಣದ ಹಾಗೆ ನೋಡಿಕೊಂಡಿದ್ದಾಳೆ. ಕೆಮ್ಮು ಬಂದರೆ ಬಾಯಿಗೆ ಟವೆಲು ತುರುಕಿಕೊಳ್ಳುವುದು. ಶಾಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಪಂಪು ಎಳೆಯುವುದು. ಮುಗಿದಾಗ ಹೊಸದು ಕೇಳಲಿಲ್ಲ, ಕೇಳಿದರೆ ನಮಗೆ ಗೊತ್ತಾಗುತ್ತದಲ್ಲ. ನಡುವೆ ಬಾಗಿಲು ಹಾಕಿಕೊಂಡು, ಸದ್ದಿಲ್ಲ, ವಾಸಿಯಾಗಿದೆ ಅಂತ ನಾನು ನಿನಗೆ ಬರೆದೆ.

ಮುಖವಾಡ ತೆಗೆದ ಮೇಲೆ ಅವಳು ಹೇಳಿದ ಮೊದಲ ಮಾತು ಹಾಗೇ ಬರೆಯುತ್ತೇನೆ: "ಅಕ್ಕ, ಇದೊಂದನ್ನ ಲೆಕ್ಕಕ್ಕೆ ಹಿಡೀಬೇಡ. ಪರೀಕ್ಷೆಗೆ ಇನ್ನೂ ಟೈಮ್ ಇದೆಯಲ್ಲ."

ನಾನು ನೀರು ತರೋಕೆ ಅಂತ ಆಚೆ ಹೋದೆ.

ನಿನ್ನ ಮಗಳು

*

ಸೆಪ್ಟೆಂಬರ್ ೨೬

ದೊಡ್ಡ ಮಗಳಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಒಂದೊಂದು ಸಲ ಒಂದೊಂದು ಥರ ಸಿಟ್ಟು ಬಂತು.

ಹಾಗಾದರೆ ಇದು ಎದೆಯ ಕಾಯಿಲೆ ಅಲ್ಲ, ಮನಸ್ಸಿನದು ಅಂತಾಯಿತು. ಬೇಜಾರಾದಾಗೆಲ್ಲ ಉಸಿರು ಕಟ್ಟಿಕೊಳ್ಳುತ್ತಾಳೆ ಅಂತಾಯಿತು. ಅವಳಿಗೆ ಹಟ ಇದೆ ಅಂತ ನೀನೇ ಬರೆದಿದ್ದೀಯ. ಆ ಡಾಕ್ಟ್ರಮ್ಮ ಇನ್ನೂ ಚಿಕ್ಕವಳು, ಪುಸ್ತಕದಲ್ಲಿ ಓದಿದ್ದು ಹೇಳುತ್ತಾಳೆ. ಅಮ್ಮ ದುಡಿಯೋಕೆ ಹೋದ ಮನೆಯ ಮಕ್ಕಳಿಗೆಲ್ಲ ಉಬ್ಬಸ ಬರುತ್ತದಾ? ನಾನೇನು ಸುಖಕ್ಕೆ ಬಂದು ಕೂತಿದ್ದೇನಾ ಇಲ್ಲಿ? ಅದನ್ನೂ ಕೇಳಬೇಕಿತ್ತು ನೀನು ಅವಳನ್ನು.

ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಮದುವೆ ಮನೆ ಅಂದೆಯಲ್ಲ. ನಿನ್ನಿಂದ ಇದನ್ನು ಕಾಣಬೇಕಾಯಿತು.

ಜೋರಾಗಿ ಬಂದರೆ ಕಳಿಸುವುದು ಅಂತ ಹೇಳಿದ್ದೆ. ಬಂದಿದೆ. ಹಾಸ್ಟೆಲ್ಲಿಗೆ ತಿಳಿಸಿದ್ದೇನೆ. ಅಲ್ಲಿ ನರ್ಸು ಇರುತ್ತಾಳೆ, ವೇಳೆಗೆ ಸರಿಯಾಗಿ ಔಷಧಿ ಕೊಡುತ್ತಾಳೆ, ಬಾಗಿಲು ಹಾಕಿಕೊಂಡು ಆಟ ಆಡೋಕೆ ಆಗುವುದಿಲ್ಲ. ಮುಂದಿನ ತಿಂಗಳು ಹದಿನೈದಕ್ಕೆ ಬಸ್ಸು ಹತ್ತಿಸು. ಆ ಕಡೆ ನರ್ಸಮ್ಮನ ಅಣ್ಣ ಬಂದು ಕರೆದುಕೊಳ್ಳುತ್ತಾರೆ. ಅಳುತ್ತಾಳೆ, ಅಳಲಿ. ಎರಡು ದಿನ ಅಷ್ಟೇ.

ಅಮ್ಮ

*

ಅಕ್ಟೋಬರ್ ೬

ಅಮ್ಮ,

ನಾನು ಅವಳನ್ನು ಬಸ್ಸು ಹತ್ತಿಸುವುದಿಲ್ಲ.

ಈ ಒಂದು ಸಾಲು ಬರೆಯೋಕೆ ನಾಲ್ಕು ಹಾಳೆ ಹರಿದೆ. ನಿನಗೆ ನಾನು ಯಾವತ್ತೂ ಎದುರು ಮಾತಾಡಿಲ್ಲ. ಮಾತಾಡಲು ಗೊತ್ತೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಬಂದರೆ ಮೇಸ್ತ್ರಿಯ ಹಿಂದೆ ಹೋಗಿ ನಿಲ್ಲುವವಳು ನಾನು.

ಅವಳು ಆಟ ಆಡುತ್ತಿಲ್ಲ. ನಾನು ಬರೆದದ್ದು ಸರಿಯಾಗಿಲ್ಲ ಅಂತ ಕಾಣುತ್ತದೆ, ನನ್ನ ಬರವಣಿಗೆ ಅಷ್ಟೇ. ಡಾಕ್ಟ್ರಮ್ಮ ಎದೆಗೆ ಹಿಡಿಯುವ ಕೊಳವೆಯನ್ನು ನನ್ನ ಕಿವಿಗೇ ಕೊಟ್ಟು ಕೇಳಿಸಿದರು. ಒಳಗೆ ಮುಚ್ಚಿದ ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗುವ ಹಾಗೆ. ಅದನ್ನು ಯಾರೂ ಬೇಕು ಅಂತ ಮಾಡೋಕೆ ಆಗಲ್ಲ. ಕಾಯಿಲೆ ಎದೆಯಲ್ಲೇ ಇದೆ. ಹೆದರಿಕೆಯೂ ಇದೆ. ಒಂದಿದ್ದರೆ ಇನ್ನೊಂದು ಸುಳ್ಳು ಅಂತ ಅಲ್ಲ.

ನೀನು ಹೋದದ್ದು ತಪ್ಪು ಅಂತ ನಾನು ಹೇಳಲಿಲ್ಲ, ಡಾಕ್ಟ್ರಮ್ಮನೂ ಹೇಳಲಿಲ್ಲ. ನೀನು ಹೋಗದಿದ್ದರೆ ನಾವು ಏನು ತಿನ್ನುತ್ತಿದ್ದೆವು ಅಂತ ನನಗೆ ಗೊತ್ತು.

ಎರಡು ಬುಧವಾರ ಆಸ್ಪತ್ರೆಗೆ ಹೋಗಿಬಂದಳು. ಮೊದಲ ಸಲ ಆ ಮಾತಾಡಿಸುವ ಮೇಡಮ್ಮನ ಮುಂದೆ ಬಾಯಿಯೇ ಬಿಡಲಿಲ್ಲವಂತೆ. ಎರಡನೇ ಸಲ ಪೂರ್ತಿ ಹೊತ್ತು ನನ್ನ ಮೇಲೆ ಚಾಡಿ ಹೇಳಿದಳಂತೆ. ನಿನ್ನ ಗೊರಕೆ ವಿಷಯಾನೂ ಹೇಳಿದೆ ಅಕ್ಕ ಅಂತ ಬಂದು ಹೇಳಿದಳು. ನಡುವಿನ ಬಾಗಿಲನ್ನು ತೆಗೆದಿದ್ದೇನೆ. ಸ್ನಾನ ಮಾಡುತ್ತೇನೆ, ಬಟ್ಟೆ ಬದಲಾಯಿಸುತ್ತೇನೆ, ತಲೆಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ. ಅದೆಲ್ಲ ಆದ ಮೇಲೆ ಅವಳ ಪಕ್ಕದಲ್ಲೇ ಮಲಗುತ್ತೇನೆ. ಉಬ್ಬಸ ಬಂದರೆ ನನಗೆ ಕೇಳುತ್ತದೆ, ಅವಳೂ ಅದನ್ನು ಮುಚ್ಚಿಡುವುದಿಲ್ಲ. ಹಾಸ್ಟೆಲ್ಲಿನ ಗಾಳಿ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಅವಳು ಮತ್ತೆ ಟವೆಲು ತುರುಕಿಕೊಳ್ಳುತ್ತಾಳೆ ಅಮ್ಮ. ಆಗ ಯಾರು ನೋಡುತ್ತಾರೆ?

ಸಿಟ್ಟಾಗು. ಆದರೆ ಕಳಿಸುವುದಿಲ್ಲ.

ನಿನ್ನ ದೊಡ್ಡ ಮಗಳು

*

ಅಕ್ಟೋಬರ್ ೨೧

ಮಗಳೇ,

ನೀನು ಬರೆದದ್ದು ಸರಿಯಾಗಿಯೇ ಇತ್ತು. ಓದಿದವಳು ಸರಿಯಿರಲಿಲ್ಲ.

ಹಾಸ್ಟೆಲ್ಲಿಗೆ ಬೇಡ ಅಂತ ಹೇಳಿಸಿದ್ದೇನೆ. ನರ್ಸಮ್ಮ ಮುಖ ಊದಿಸಿಕೊಂಡಿದ್ದಾಳೆ, ಇರಲಿ.

ನಿನ್ನಿಂದ ಒಂದು ಮುಚ್ಚಿಟ್ಟಿದ್ದೆ. ಮುಂದಿನ ವರ್ಷ ಬರುತ್ತೇನೆ ಅಂತ ಬರೆದೆನಲ್ಲ, ಆಗಲೇ ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ ಅಂತ ಒಪ್ಪಿಕೊಂಡಾಗಿತ್ತು. ಯಜಮಾನಿಯಮ್ಮನ ಮಗ ಕೇಳಿದಾಗ ಹೂಂ ಅಂದುಬಿಟ್ಟೆ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ಅವಳನ್ನು ಹಾಸ್ಟೆಲ್ಲಿಗೆ ಸೇರಿಸಿದರೆ ಅಲ್ಲಿನವರು ನೋಡಿಕೊಳ್ಳುತ್ತಾರೆ, ನಾನು ಬರದಿದ್ದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ ಅಂದುಕೊಂಡೆ. ಗಾಳಿ ಗಾಳಿ ಅಂತ ನಾನು ಅಂದದ್ದರಲ್ಲಿ ಅರ್ಧ ಇದೇ.

ಅವಳು ಬಾಗಿಲ ಹಿಂದೆ ನಿಂತಿರುತ್ತಿದ್ದಳು ಅಂತ ಬರೆದೆಯಲ್ಲ. ಇಲ್ಲಿ ಯಜಮಾನಿಯಮ್ಮನ ಕಾಲು ಒತ್ತುವಾಗ ಅದೇ ಕಣ್ಣಿಗೆ ಬರುತ್ತದೆ. ನಾನು ಮನೆ ಬಿಟ್ಟು ಬರುವ ದಿನ ಅವಳು ಅಳಬಾರದು ಅಂತ, ಸಂಜೆ ಬರ್ತೀನಿ ಅಂತ ಹೇಳಿ ಬಂದಿದ್ದೆ. ಅವಳಿಗೆ ನೆನಪಿರಲ್ಲ ಅಂದುಕೊಂಡಿದ್ದೆ.

ಈ ಭಾನುವಾರ ಫೋನನ್ನು ಅವಳ ಕೈಗೆ ಕೊಟ್ಟು ನೀನು ಪಕ್ಕದಲ್ಲಿರು. ನಾನೇ ಹೇಳುತ್ತೇನೆ. ಯಾವಾಗ ಬರುತ್ತೇನೆ, ಯಾವಾಗ ಬರೋಕೆ ಆಗಲ್ಲ, ಎಲ್ಲ. ಪಂಪು ಹತ್ತಿರ ಇಟ್ಟುಕೊಂಡಿರು.

ಅಮ್ಮ

*

ನವೆಂಬರ್ ೪

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಅವಳು ಏನೂ ಹೇಳಲಿಲ್ಲ ಅಂತ ನಿನಗೆ ಚಿಂತೆಯಾಗಿರಬೇಕು. ನೀನು ಮಾತಾಡುವಷ್ಟು ಹೊತ್ತೂ ಅವಳು ಗೋಡೆಗೆ ಹಣೆ ಒತ್ತಿಕೊಂಡು ಕೇಳುತ್ತಿದ್ದಳು. ಎರಡು ವರ್ಷ ಅಂದಾಗ ಒಂದು ಸಲ ನನ್ನ ಕಡೆ ನೋಡಿದಳು. ಫೋನ್ ಇಟ್ಟ ಮೇಲೆ ಕೆಮ್ಮು ಶುರುವಾಯಿತು. ಟವೆಲಿಗೆ ಕೈ ಹಾಕಲಿಲ್ಲ. ನನ್ನ ಎದುರೇ ಕೂತು ಪಂಪು ಎಳೆದುಕೊಂಡಳು, ನಿಧಾನವಾಗಿ ಉಸಿರು ಬಿಟ್ಟಳು. ಆ ಬುಧವಾರದ ಮೇಡಮ್ಮು ಹೇಳಿಕೊಟ್ಟದ್ದಂತೆ, ದೀಪದ ಕುಡಿ ಆರದ ಹಾಗೆ ಊದಬೇಕಂತೆ. ಸ್ವಲ್ಪ ಹೊತ್ತಿಗೆ ಇಳಿಯಿತು.

ಆಮೇಲೆ ಅತ್ತಳು. ಬಹಳ ಅತ್ತಳು. ನಾನು ತಡೆಯಲಿಲ್ಲ. ಅಮ್ಮ ಈ ಸಲ ಸಂಜೆ ಅಂತ ಹೇಳಲಿಲ್ಲ ಅಲ್ವಾ ಅಕ್ಕ ಅಂದಳು. ಇಲ್ಲ ಅಂದೆ. ಎರಡು ವರ್ಷಕ್ಕೆ ನಾನು ಅಮ್ಮನಷ್ಟು ಎತ್ತರ ಆಗಿರ್ತೀನಿ, ಗುರುತು ಹಿಡೀತಾಳಾ ಅಂದಳು. ಈ ಮೂಗನ್ನ ಯಾರು ಮರೀತಾರೆ ಅಂದೆ. ಚಿವುಟಿದಳು.

ವಾಸಿಯಾಯಿತು ಅಂತ ಬರೆಯೋಕೆ ಆಗಲ್ಲ. ಹೋದ ವಾರವೂ ಎರಡು ಸಲ ಬಂತು. ಡಾಕ್ಟ್ರಮ್ಮ ದಿನದ ಪಂಪು ನಿಲ್ಲಿಸಬೇಡಿ, ಇದು ಉದ್ದದ ದಾರಿ ಅಂದಿದ್ದಾರೆ. ಮೇಸ್ತ್ರಿ ನನ್ನನ್ನು ಹತ್ತಿ ಹಿಂಜುವ ಕಡೆಯಿಂದ ಮುಂದಿನ ಕೋಣೆಗೆ ಹಾಕಿದ್ದಾರೆ, ಹಾಸಿಗೆಯ ಗವಸು ಹೊಲಿಯೋಕೆ. ಗಿರಾಕಿಗಳ ಜೊತೆ ಮಾತಾಡಬೇಕು. ಅದೊಂದು ಕಷ್ಟ. ನಿದ್ದೆ ಸಾಲುವುದಿಲ್ಲ, ನಿನಗೂ ಸಾಲುತ್ತಿಲ್ಲ ಅಂತ ಗೊತ್ತು. ಸೊಂಟಕ್ಕೆ ಬಿಸಿನೀರು ಇಟ್ಟುಕೋ.

ಇವತ್ತು ಬೆಳಿಗ್ಗೆ ಅವಳ ಶಾಲೆಯ ಲಂಗ ಮಂಡಿಗಿಂತ ಮೇಲೆ ಹೋಗಿತ್ತು. ಅಂಚು ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಕೆಳಗಿಳಿಸಿ ಹೊಲಿದುಕೊಟ್ಟೆ. ಹಳೇ ಮಡಿಕೆಯ ಗೆರೆ ಕಾಣುತ್ತದೆ ಅಂದಳು. ಹಾಗೇ ಹಾಕಿಕೊಂಡು ಹೋದಳು.

ನಿನ್ನ ದೊಡ್ಡ ಮಗಳು